ಶೆಲ್ ಮಾತಾಡಲು ಕಲಿತದ್ದು ಹೇಗೆ?

ಶೆಲ್ ಅಂದರೆ ನೀವು ಬರೆದ ಕಮಾಂಡ್ ಓದಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಮ್. ಫಿಶ್ ಎಂಬ ಶೆಲ್ ತೆರೆದು ಜಿ, ಐ, ಟಿ ಎಂದು ಮೂರು ಅಕ್ಷರ ಒತ್ತಿ ನೋಡಿ. ಮುಂದಿನ ಅಕ್ಷರಕ್ಕೆ ಬೆರಳು ಹೋಗುವ ಮೊದಲೇ, ನಿನ್ನೆ ನೀವು ಕೊಟ್ಟಿದ್ದ ಪೂರ್ತಿ ಕಮಾಂಡ್ ಬೂದು ಬಣ್ಣದಲ್ಲಿ ಕಾಣಿಸುತ್ತದೆ. ಅದೇ ಬೇಕಿದ್ದರೆ ಬಲಗಡೆಯ ಬಾಣದ ಕೀ ಒತ್ತಿದರೆ ಆಯಿತು. ಇಲ್ಲದ ಕಮಾಂಡ್ ಬರೆದರೆ ಎಂಟರ್ ಒತ್ತುವ ಮುಂಚೆಯೇ ಅಕ್ಷರಗಳು ಕೆಂಪಾಗುತ್ತವೆ.

ಹಳೆಯ ಶೆಲ್ ಹಾಗಲ್ಲ. ಅದು ಗುಮ್ಮನಗುಸುಕ. ಫೈಲ್ ಕಾಪಿ ಮಾಡು ಎಂದರೆ ಮಾಡುತ್ತದೆ, ಮಾಡಿದೆ ಎಂದು ಹೇಳುವುದಿಲ್ಲ. ಅಳಿಸು ಎಂದರೂ ಅಷ್ಟೇ. ಹೊಸದಾಗಿ ಕಲಿಯುವವರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಆದರೆ ಆ ಮೌನದ ಹಿಂದೆ ಒಂದು ಗಡಗಡ ಸದ್ದಿನ ಯಂತ್ರವಿದೆ.

ಶೆಲ್ ಎಂಬ ಹೆಸರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಿಂತ ಹಳೆಯದು. 1960ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಫ್ರೆಂಚ್ ಎಂಜಿನಿಯರ್ ಲೂಯಿ ಪೂಜಾಂ, ಹಲವು ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಒಟ್ಟಿಗೆ ಓಡಿಸುವ ರನ್‌ಕಾಮ್ ಎಂಬ ಪ್ರೋಗ್ರಾಮ್ ಬರೆದರು. ಬ್ಯಾಶ್ ಎಂಬ ಶೆಲ್‌ನ ಸೆಟ್ಟಿಂಗ್ಸ್ ಫೈಲಿನ ಹೆಸರಿನ ಕೊನೆಗೆ ಈಗಲೂ ಅಂಟಿಕೊಂಡಿರುವ ‘ಆರ್‌ಸಿ’ ಬಂದದ್ದು ಅಲ್ಲಿಂದ. ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಯೋಚಿಸುವಾಗ ಶೆಲ್ ಎಂಬ ಪದ ಕೊಟ್ಟವರೂ ಅವರೇ. 1965ರಲ್ಲಿ ಅದನ್ನು ಕೋಡ್ ಆಗಿ ಬರೆದು ಓಡಿಸಿದವರು ಗ್ಲೆಂಡಾ ಶ್ರೋಡರ್.

ಯುನಿಕ್ಸ್ ಹುಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿ. ಕೆನ್ ಥಾಂಪ್ಸನ್ ಬರೆದ ಅದರ ಮೊದಲ ಶೆಲ್ 1971ರದ್ದು. ಆಗ ಅವರ ಮುಂದಿದ್ದದ್ದು ಸ್ಕ್ರೀನ್ ಅಲ್ಲ, ಟೆಲಿಟೈಪ್ ಮಾಡೆಲ್ 33. ಟೈಪ್‌ರೈಟರ್‌ನ ದೊಡ್ಡಣ್ಣನಂಥ ಯಂತ್ರ. ನೀವು ಒತ್ತಿದ್ದೂ ಕಂಪ್ಯೂಟರ್ ಹೇಳಿದ್ದೂ ಎರಡೂ ಕಾಗದದ ಮೇಲೆ ಅಚ್ಚಾಗುತ್ತಿದ್ದವು, ಸೆಕೆಂಡಿಗೆ 10 ಅಕ್ಷರದ ವೇಗದಲ್ಲಿ. ‘ಈ ಹೆಸರಿನ ಫೈಲ್ ಸಿಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂಬಂಥ 60 ಅಕ್ಷರದ ಸಂದೇಶ ಅಚ್ಚಾಗಲು 6 ಸೆಕೆಂಡ್ ಕಾಯಬೇಕು. ದಿನಕ್ಕೆ ನೂರು ಸಲ ಇದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿದೆ? ಅದಕ್ಕೇ ಲಿಸ್ಟ್ ಎಂಬುದು ಎಲ್‌ಎಸ್ ಆಯಿತು, ಕಾಪಿ ಎಂಬುದು ಸಿಪಿ ಆಯಿತು. ಆ ಕಾಲದ ಎಡಿಟರ್ ‘ಇಡಿ’ಯಂತೂ ಎಂಥ ತಪ್ಪಾದರೂ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಅಚ್ಚೊತ್ತಿ ಸುಮ್ಮನಾಗುತ್ತಿತ್ತು. ಏನು ತಪ್ಪು ಎಂಬುದನ್ನು ನೀವೇ ಊಹಿಸಿಕೊಳ್ಳಬೇಕು.

ಆದರೆ ಮೌನಕ್ಕೆ ಕಾಗದವೊಂದೇ ಕಾರಣವಲ್ಲ. ಪ್ರೋಗ್ರಾಮ್‌ಗಳನ್ನು ತೋಟದ ನೀರಿನ ಪೈಪುಗಳ ಹಾಗೆ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಒಂದು ಪ್ರೋಗ್ರಾಮಿನ ಔಟ್‌ಪುಟ್ ನೇರವಾಗಿ ಇನ್ನೊಂದರ ಇನ್‌ಪುಟ್. ಇಂಥ ಸಾಲಿನ ನಡುವೆ ನಿಂತವನು ‘ನಮಸ್ಕಾರ, 14 ಫೈಲ್ ಸಿಕ್ಕಿವೆ’ ಎಂದು ಹರಟಿದರೆ, ಮುಂದಿನವನು ಅದನ್ನೂ ಫೈಲಿನ ಹೆಸರು ಅಂದುಕೊಳ್ಳುತ್ತಾನೆ. ಹಾಗಾಗಿ ಕಾಗದ ಹೋದ ಮೇಲೂ ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯ ನಡತೆ ಎನಿಸಿಕೊಂಡಿತು.

ಸ್ಕ್ರೀನ್ ಬಂದ ಮೇಲೆ ಬಳಸುವವರ ಆಸೆ ಬೆಳೆಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಕೆಲಸ ಮಾಡುತ್ತಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್ (ಕಂಪ್ಯೂಟರ್‌ಗೆ ಜೋಡಿಸಿದ ಸ್ಕ್ರೀನ್ ಮತ್ತು ಕೀಬೋರ್ಡ್) ಮೇಲೆ. ಅದರಲ್ಲಿ ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣಗಳು ಅಚ್ಚಾಗಿದ್ದವು. ಅವರು ಬರೆದ ವಿಐ ಎಡಿಟರ್‌ನ ವಂಶದ ವಿಮ್ ಬಳಸುವವರು ಇಂದಿಗೂ ಆ ನಾಲ್ಕು ಕೀಗಳಲ್ಲೇ ಓಡಾಡುತ್ತಾರೆ. ‘ಹೋಮ್’ ಮತ್ತು ಟಿಲ್ಡೆ (~) ಗುರುತು ಅಲ್ಲಿ ಒಂದೇ ಕೀ ಮೇಲಿದ್ದವು, ಹೋಮ್ ಫೋಲ್ಡರ್‌ಗೆ ಟಿಲ್ಡೆ ಬಂದದ್ದು ಹಾಗೆ. ಹಿಂದಿನ ಕಮಾಂಡ್‌ಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವನ್ನು ಅವರ ಸಿ ಶೆಲ್ ಕೊಟ್ಟಿತು. ಅದರಿಂದ ಬೆಳೆದ ಟಿಸಿಶೆಲ್, ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡಿಕೊಡುವ ಉಪಾಯವನ್ನು ಟೆನೆಕ್ಸ್ ಎಂಬ ಸಿಸ್ಟಮ್‌ನಿಂದ ತಂದಿತು.

1979ರ ಬೋರ್ನ್ ಶೆಲ್ ಬಗ್ಗೆ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಸ್ಟೀಫನ್ ಬೋರ್ನ್‌ಗೆ ಆಲ್ಗಾಲ್ 68 ಭಾಷೆ ಅಂದರೆ ಪ್ರೀತಿ. ಅದಕ್ಕೇ ‘ಇಫ್’ ತೆರೆದರೆ ಅದನ್ನೇ ತಿರುಗಿಸಿ ‘ಫಿ’ ಎಂದು ಮುಚ್ಚಬೇಕು, ‘ಕೇಸ್’ ತೆರೆದರೆ ‘ಈಸ್ಯಾಕ್’ ಎಂದು. ಆ ಲೆಕ್ಕದಲ್ಲಿ ‘ಡು’ ಮುಚ್ಚಲು ‘ಓಡಿ’ ಬರಬೇಕಿತ್ತು. ಆದರೆ ಓಡಿ ಹೆಸರಿನ ಕಮಾಂಡ್ ಆಗಲೇ ಇತ್ತು! ವಿಧಿಯಿಲ್ಲದೆ ‘ಡನ್’ ಬಂತು. ಪ್ರಪಂಚದ ಲಕ್ಷಾಂತರ ಸ್ಕ್ರಿಪ್ಟ್‌ಗಳು ಇವತ್ತಿಗೂ ಆ ಕುಂಟು ಕಾಲಿನಲ್ಲೇ ನಡೆಯುತ್ತಿವೆ.

1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಶ್, 1990ರಲ್ಲಿ ಪಾಲ್ ಫಾಲ್ಸ್ಟಡ್ ಅವರ ಝಡ್‌ಶೆಲ್. ಹಿಂದೆಯೇ ಪಾಸಿಕ್ಸ್ ಮಾನದಂಡ ಬಂದು ಶೆಲ್ ಭಾಷೆ ಹೀಗಿರಬೇಕು ಎಂದು ನಿಗದಿ ಮಾಡಿತು. ಅಲ್ಲಿಗೆ ಹೆಚ್ಚುಕಡಿಮೆ ಎಲ್ಲ ಗಟ್ಟಿಯಾಯಿತು. ಆಮೇಲೆ ಬಹಳ ಕಾಲ ಹೊಸತನದ ಉತ್ಸಾಹವೆಲ್ಲ ಮೌಸ್ ಮತ್ತು ಬ್ರೌಸರ್ ಕಡೆ ಹೋಯಿತು.

2005ರಲ್ಲಿ ಆಕ್ಸೆಲ್ ಲಿಲ್ಯೆನ್‌ಕ್ರಾಂಟ್ಸ್ ಫಿಶ್ ಹೊರತಂದಾಗ ಅದರ ವಾದ ಸರಳವಾಗಿತ್ತು. ಸ್ಕ್ರೀನ್‌ನಲ್ಲಿ ಬಣ್ಣವಿದೆ, ಕಂಪ್ಯೂಟರ್‌ಗೆ ವೇಗವಿದೆ, ಮತ್ತೇಕೆ ಟೆಲಿಟೈಪ್ ಮುಂದೆ ಕೂತಂತೆ ಇರಬೇಕು? ಸೆಟ್ಟಿಂಗ್ಸ್ ಫೈಲ್ ಮುಟ್ಟದೆಯೇ ಎಲ್ಲ ಚೆನ್ನಾಗಿ ಕೆಲಸ ಮಾಡಬೇಕು. ಆ ಬೂದು ಬಣ್ಣದ ಊಹೆ ಮಾತ್ರ ಕೆಲವು ವರ್ಷ ತಡವಾಗಿ ಸೇರಿತು. ಇದಕ್ಕೆ ಫಿಶ್ ಬೆಲೆಯನ್ನೂ ತೆತ್ತಿತು. ಪಾಸಿಕ್ಸ್ ಜಾಡು ಬಿಟ್ಟದ್ದರಿಂದ ಎಲ್ಲಿಂದಲೋ ನಕಲು ಮಾಡಿ ತಂದ ಬ್ಯಾಶ್ ಸಾಲುಗಳು ಅದರಲ್ಲಿ ಎಷ್ಟೋ ಸಲ ಎಡವುತ್ತವೆ. ಆ ತಂಟೆ ಬೇಡ ಎಂದವರು ಝಡ್‌ಶೆಲ್ ಹಿಡಿದರು. 2009ರಲ್ಲಿ ಬಂದ ಓ ಮೈ ಝಡ್‌ಶೆಲ್ ಅದಕ್ಕೆ ಸಿದ್ಧ ಅಲಂಕಾರ ಒದಗಿಸಿತು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ ಆಪಲ್ ಕೂಡ ಬ್ಯಾಶ್ ಬದಲು ಝಡ್‌ಶೆಲ್ಲನ್ನೇ ಮುಂದಿಟ್ಟಿತು. ಕಮಾಂಡ್ ಬರೆಯುವ ಜಾಗದ ಮುಂದೆ ಕಾಣುವ ಗುರುತಿನ, ಅಂದರೆ ಪ್ರಾಂಪ್ಟ್‌ನ, ಸಿಂಗಾರ ಮಾಡುತ್ತಾ ಇಡೀ ಭಾನುವಾರ ಕಳೆದವರಲ್ಲಿ ನಾನೂ ಒಬ್ಬ. ಆ ದಿನ ಒಂದು ಸಾಲು ಕೋಡ್ ಬರೆಯಲಿಲ್ಲ, ಖುಷಿ ಮಾತ್ರ ಜಾಸ್ತಿಯೇ ಆಗಿತ್ತು.

ನಿಜವಾದ ಸುಗ್ಗಿ ಶೆಲ್‌ಗಿಂತ ಅದರ ಸುತ್ತಲಿನ ಸಣ್ಣ ಟೂಲ್‌ಗಳದ್ದು. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಮತ್ತು ದೂರದ ಸರ್ವರ್‌ಗಳಿಂದಾಗಿ ಪ್ರೋಗ್ರಾಮರ್‌ಗಳು ಹೇಗೂ ಟರ್ಮಿನಲ್‌ಗೆ, ಅಂದರೆ ಈಗ ಶೆಲ್ ಓಡುವ ಕಿಟಕಿಗೆ, ಮರಳಿದ್ದರು. ಗೋ ಮತ್ತು ರಸ್ಟ್ ಭಾಷೆಗಳು ವೇಗದ, ಒಂದೇ ಫೈಲಿನ ಪ್ರೋಗ್ರಾಮ್ ಬರೆಯುವುದನ್ನು ಸುಲಭ ಮಾಡಿದವು. ಸಾವಿರಾರು ಸಾಲುಗಳ ನಡುವೆ ಅರೆಬರೆ ನೆನಪಿನ ಅಕ್ಷರ ಕೊಟ್ಟರೂ ಹುಡುಕಿಕೊಡುವ ಎಫ್‌ಝಡ್‌ಎಫ್ 2013ರದ್ದು. ಫೈಲ್‌ಗಳ ಒಳಗೆ ಪದ ಹುಡುಕುವ, ಆಂಡ್ರ್ಯೂ ಗ್ಯಾಲಂಟ್ ಬರೆದ ರಿಪ್‌ಗ್ರೆಪ್ 2016ರದ್ದು. ಗಿಟ್ ಕಡೆಗಣಿಸುವ ಫೈಲ್‌ಗಳನ್ನು ಅದೂ ಬಿಟ್ಟುಬಿಡುತ್ತದೆ, ಹುಡುಕಾಟವನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚುತ್ತದೆ.

ಇವೆಲ್ಲ ಇಷ್ಟು ಬಣ್ಣ, ಇಷ್ಟು ಮಾತು ಇಟ್ಟುಕೊಂಡು ಪೈಪಿನ ಹಳೆಯ ನಿಯಮವನ್ನು ಮುರಿಯಲಿಲ್ಲವೇ? ಇಲ್ಲ. ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂದು ಅವು ಮೊದಲು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತವೆ. ಟರ್ಮಿನಲ್‌ಗೆ ಎಂದರೆ ಎದುರಿಗೆ ಮನುಷ್ಯನಿದ್ದಾನೆ ಎಂದರ್ಥ. ಬಣ್ಣ, ಸಾಲಿನ ಸಂಖ್ಯೆ, ಫೈಲಿನ ಹೆಸರಿನ ತಲೆಬರಹ ಎಲ್ಲ ಬರುತ್ತವೆ. ಪೈಪಿಗೆ ಎಂದರೆ ತಕ್ಷಣ ಗಂಭೀರರಾಗಿ ಬರೀ ಅಕ್ಷರ ಕೊಡುತ್ತವೆ. ಹೀಗೆ ಕೇಳುವ ಸೌಲಭ್ಯ ಯುನಿಕ್ಸ್‌ನಲ್ಲಿ 1970ರ ದಶಕದಿಂದಲೂ ಇತ್ತು. ಅದನ್ನು ಮನುಷ್ಯನ ಅನುಕೂಲಕ್ಕೆ ಇಷ್ಟು ಧಾರಾಳವಾಗಿ ಬಳಸಲು ನಲವತ್ತು ವರ್ಷ ಹಿಡಿಯಿತು, ನೋಡಿ.

ಬರೀ ಅಕ್ಷರವೇ ಯಾಕೆ ಎಂದು ಕೇಳಿದವರೂ ಇದ್ದಾರೆ. ಜೆಫ್ರಿ ಸ್ನೋವರ್ ಅವರ ಕನಸಿನಿಂದ 2006ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಪವರ್‌ಶೆಲ್, ಪೈಪಿನಲ್ಲಿ ಆಬ್ಜೆಕ್ಟ್‌ಗಳನ್ನೇ, ಅಂದರೆ ಹೆಸರು, ಗಾತ್ರದಂಥ ವಿವರಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡ ಕಟ್ಟುಗಳನ್ನೇ, ಕಳಿಸುತ್ತದೆ. 2019ರ ನುಶೆಲ್ ಎಲ್ಲವನ್ನೂ ಟೇಬಲ್ ಮಾಡಿ ತೋರಿಸುತ್ತದೆ. ಚೆಂದವೇನೋ ಹೌದು. ಆದರೆ ಯಾವುದೋ ಸರ್ವರ್‌ಗೆ ಲಾಗಿನ್ ಆದಾಗ ಅಲ್ಲಿ ನುಶೆಲ್ಲೂ ಇಲ್ಲ, ಫಿಶ್ಶೂ ಇಲ್ಲ, ರಿಪ್‌ಗ್ರೆಪ್ಪೂ ಇಲ್ಲ. ಇರುವುದು ಅದೇ ಹಳೆಯ ಮೌನಿ. ಪದ ಹುಡುಕುವ ಹಳೆಯ ಕಮಾಂಡ್ ಗ್ರೆಪ್ ಮರೆತವರು ಆಗ ಒದ್ದಾಡುತ್ತಾರೆ.

ಟೆಲಿಟೈಪ್ ಕೂಡ ಪೂರ್ತಿ ಹೋಗಿಲ್ಲ. ಫೈಲ್ ಸೇವ್ ಆಗಲಿ ಎಂದು ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ಒತ್ತಿ, ಎಲ್ಲ ಸ್ತಬ್ಧವಾದದ್ದು ಕಂಡು ಗಾಬರಿಯಾಗಿದ್ದೀರಾ? ಅದು ಆ ಕಾಲದ ‘ಕಳಿಸುವುದು ನಿಲ್ಲಿಸು’ ಎಂಬ ಸನ್ನೆ. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಶುರುವಾಗುತ್ತದೆ. ಇನ್ನೂ ನಂಬಿಕೆ ಬರದಿದ್ದರೆ, ಗ್ರಾಫಿಕ್ಸ್ ಚಿಪ್ ಬಳಸಿ ಅಕ್ಷರ ಬಿಡಿಸುವ ಹೊಚ್ಚ ಹೊಸ ಟರ್ಮಿನಲ್ಲನ್ನು ಲಿನಕ್ಸ್‌ನಲ್ಲಿ ತೆರೆಯಿರಿ. ‘ಎಸ್‌ಟಿಟಿವೈ’ ಎಂದು ಬರೆದು ಎಂಟರ್ ಒತ್ತಿ. ವೇಗ 38400 ಬಾಡ್ ಎಂದು ಅದು ಹೇಳುತ್ತದೆ. ಯಾವ ತಂತಿಯ ವೇಗ ಎಂದು ಮಾತ್ರ ಕೇಳಬೇಡಿ.