ಇಂದಿರಾ ಯಾಕೆ ಒಪ್ಪಲಿಲ್ಲ? ‘ಬೆಳ್ಳಿಮೋಡ’ದ ಹಿಂದಿನ ಮೈಸೂರು

‘ಬೆಳ್ಳಿಮೋಡ’ ಸಿನಿಮಾದ ಮಾತು ಬಂದರೆ ನಮ್ಮ ಮೈಸೂರಿನ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷ. ನಾಯಕ ಮೋಹನ ತಪ್ಪು ತಿದ್ದಿಕೊಂಡ ಮೇಲೆ ನಾಯಕಿ ಇಂದಿರಾ ಅವನನ್ನು ಮದುವೆಯಾಗಬೇಕಿತ್ತು ಅನ್ನೋದು ದೊಡ್ಡಮ್ಮನ ವಾದ. ಅಮ್ಮ ಒಪ್ಪುವುದಿಲ್ಲ. ‘ಅವನು ಕಣ್ಣಿಟ್ಟಿದ್ದು ಎಸ್ಟೇಟ್ ಮೇಲೆ’ ಅನ್ನುತ್ತಾರೆ.

1967ರ ಈ ಕಪ್ಪು ಬಿಳುಪು ಚಿತ್ರದ ಕಥೆ ನಡೆಯುವುದು ಮಲೆನಾಡಿನಲ್ಲಿ. ಬೇರು ಮಾತ್ರ ಮೈಸೂರಿನದು. ಕಾದಂಬರಿ ಬರೆದ ತ್ರಿವೇಣಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ನಿರ್ದೇಶಕ ಪುಟ್ಟಣ್ಣ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಇಂದಿರಾಳ ಅಪ್ಪನ ಪಾತ್ರಕ್ಕೆ ನಮ್ಮ ಅಶ್ವಥ್. ಪುಟ್ಟಣ್ಣ ನಿರ್ದೇಶಕ ಬಿ.ಆರ್. ಪಂತುಲು ಹತ್ತಿರ ಪಳಗಿ, ಮಲಯಾಳಂನಲ್ಲಿ ನಿರ್ದೇಶನ ಶುರು ಮಾಡಿದ್ದರು. ಅಲ್ಲೂ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ತೆರೆಗೆ ತಂದಿದ್ದರು. ಕನ್ನಡದಲ್ಲಿ ಅವರ ಮೊದಲ ಚಿತ್ರವೇ ‘ಬೆಳ್ಳಿಮೋಡ’.

ತ್ರಿವೇಣಿ ಅದನ್ನು ನೋಡಲಿಲ್ಲ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ, 35 ತುಂಬುವ ಮೊದಲೇ ತೀರಿಕೊಂಡರು. ಚಿತ್ರದಲ್ಲಿ ಇಂದಿರಾಳ ತಾಯಿ ಮಗು ಹೆತ್ತು ಕಣ್ಮುಚ್ಚುತ್ತಾಳೆ. ಆ ಭಾಗ ಬಂದಾಗಲೆಲ್ಲ ನನಗೆ ಚಾಮರಾಜಪುರದ ತ್ರಿವೇಣಿಯವರ ಮನೆ ನೆನಪಾಗುತ್ತದೆ, ಗಂಟಲು ಕಟ್ಟುತ್ತದೆ.

ತಮ್ಮ ಹುಟ್ಟಿದ್ದೇ ತಡ, ಇಂದಿರಾ ಒಬ್ಬಳೇ ವಾರಸುದಾರಳಾಗಿ ಉಳಿಯುವುದಿಲ್ಲ. ಅವಳಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿ ಬಂದ ಮೋಹನ ಮದುವೆಯಿಂದ ತಣ್ಣಗೆ ಹಿಂದೆ ಸರಿಯುತ್ತಾನೆ. ಆಮೇಲೆ ಅವನೇ ಪೆಟ್ಟಾಗಿ ಹಾಸಿಗೆ ಹಿಡಿದಾಗ ಆರೈಕೆ ಮಾಡುವವಳು ಇಂದಿರಾ. ಅವನ ಮನಸ್ಸು ತಿರುಗುತ್ತದೆ. ಅವಳದ್ದು ತಿರುಗುವುದಿಲ್ಲ.

ಎಷ್ಟೇ ನೋವಾದರೂ ಕೊನೆಗೆ ಹೆಣ್ಣು ಕ್ಷಮಿಸಿ ಸೇರಿಕೊಳ್ಳುವುದೇ ಆಗಿನ ಸಂಸಾರದ ಚಿತ್ರಗಳ ರೂಢಿ. ಹಾಗಿರುವಾಗ ನಾಯಕಿಯೇ ಬೇಡ ಅಂದರೆ ಜನ ಒಪ್ಪುತ್ತಾರಾ? ಒಪ್ಪಿದರು. ಇಂದಿರಾ ಪಾತ್ರದ ಕಲ್ಪನಾ ದೊಡ್ಡ ತಾರೆಯಾದರು. ಕಲ್ಯಾಣ್ ಕುಮಾರ್ ಅಂಥ ಹೆಸರಾಂತ ನಾಯಕ, ಮೋಹನನಾಗಿ ಸುಮ್ನೆ ನಿಂತು ನಿರಾಕರಣೆ ಕೇಳಿಸಿಕೊಳ್ಳುವ ಪಾತ್ರ ಒಪ್ಪಿಕೊಂಡದ್ದೂ ದೊಡ್ಡ ಮಾತು ಅಲ್ವಾ?

ಕ್ಯಾಮೆರಾ ಹಿಡಿದವರು ಆರ್.ಎನ್.ಕೆ. ಪ್ರಸಾದ್. ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆಗೆ ವಿಜಯಭಾಸ್ಕರ್ ರಾಗ, ಎಸ್. ಜಾನಕಿ ದನಿ. ಪದ್ಯ ಪೂರ್ತಿ ಬೆಳಗಿನ ಬೆಳಕಿನದು, ತೆರೆಯ ಮೇಲೆ ಇರುವುದು ಬರೀ ಬೂದು, ಬಿಳಿ, ಕಪ್ಪು. ಆದರೂ ಬಿಸಿಲು ಏರುವುದು ಕಣ್ಣಿಗೆ ಕಾಣುತ್ತದೆ. ಬಣ್ಣ ಇದ್ದಿದ್ದರೆ ಇದಕ್ಕಿಂತ ಜಾಸ್ತಿ ಏನೂ ಸಿಗುತ್ತಿರಲಿಲ್ಲ ಅನ್ನಿಸುತ್ತದೆ.

ಇಲ್ಲಿಂದ ಮುಂದೆ ಪುಟ್ಟಣ್ಣ ಲೇಖಕಿಯರ ಕಾದಂಬರಿಗಳನ್ನು ಬಿಡಲೇ ಇಲ್ಲ. ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿಯವರ ‘ಕಪ್ಪು ಬಿಳುಪು’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಬಂದವು. ಆಮೇಲೆ ‘ಶರಪಂಜರ’. ಮತ್ತೆ ತ್ರಿವೇಣಿ, ಮತ್ತೆ ಕಲ್ಪನಾ. ಈ ಸಲ ಬಣ್ಣದಲ್ಲಿ.