ಚಾಂಪಿಯನ್ನರು ಎಡವುತ್ತಿದ್ದ ಮೊದಲ ಪಂದ್ಯ

ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಫುಟ್‌ಬಾಲ್ ಹುಚ್ಚಿನವರ ನಡುವೆ ಒಂದು ಹಳೇ ಜಗಳ ಮೇಲೇಳುತ್ತದೆ. ಮೊದಲ ಪಂದ್ಯ ಯಾರು ಆಡಬೇಕು? ಕಳೆದ ಸಲ ಕಪ್ ಗೆದ್ದವರೋ, ಟೂರ್ನಿ ನಡೆಸುವ ದೇಶದವರೋ? ಈಗಿನ ಹುಡುಗರು ಕಂಡಿದ್ದು ಆತಿಥೇಯರ ಆಟವನ್ನೇ. ನಲವತ್ತು ದಾಟಿದವರಿಗೆ ಮಾತ್ರ ಚಾಂಪಿಯನ್ನರ ಕಾಲ ನೆನಪಿದೆ. ನಾನೂ ಆ ಗುಂಪಿನವನೇ.

ಶುರುವಿನಲ್ಲಿ ಉದ್ಘಾಟನಾ ಪಂದ್ಯ ಅನ್ನುವ ಗತ್ತೇ ಇರಲಿಲ್ಲ. 1930ರ ಜುಲೈ 13ರಂದು ಉರುಗ್ವೆಯ ಮೊಂಟೆವಿಡಿಯೊದಲ್ಲಿ ಒಂದೇ ಹೊತ್ತಿಗೆ ಎರಡು ಪಂದ್ಯ ನಡೆದವು. ದೊಡ್ಡ ಸ್ಟೇಡಿಯಂ ಇನ್ನೂ ಕಟ್ಟಿ ಮುಗಿದಿರಲಿಲ್ಲ, ಹಾಗಾಗಿ ಸಣ್ಣ ಮೈದಾನಗಳಲ್ಲೇ ಆಡಿದರು. 1934ರಲ್ಲಿ ಇಟಲಿಯಲ್ಲಿ ಮೊದಲ ದಿನವೇ ಎಂಟು ಪಂದ್ಯ!

1966ರಲ್ಲಿ ಆತಿಥೇಯ ಇಂಗ್ಲೆಂಡ್ ಒಂದೇ ಪಂದ್ಯದಿಂದ ಟೂರ್ನಿ ಶುರು ಮಾಡಿತು. ಎದುರಾಳಿ ಉರುಗ್ವೆ, ಫಲಿತಾಂಶ 0-0. 1970ರಲ್ಲಿ ಮೆಕ್ಸಿಕೊ–ಸೋವಿಯತ್ ಪಂದ್ಯವೂ 0-0. 1974ರಿಂದ ಈ ಗೌರವ ಹಾಲಿ ಚಾಂಪಿಯನ್ನರಿಗೆ ಸಿಕ್ಕಿತು. ಬ್ರೆಜಿಲ್ ಬಂತು, 0-0. 1978ರಲ್ಲಿ ಪಶ್ಚಿಮ ಜರ್ಮನಿ ಬಂತು, ಮತ್ತೆ 0-0. ನಾಲ್ಕು ವಿಶ್ವಕಪ್, ಆರು ಗಂಟೆ ಆಟ, ಗೋಲು ಸೊನ್ನೆ. ಮೊದಲ ದಿನವೇ ಸೋಲದಿದ್ದರೆ ಸಾಕಪ್ಪಾ ಅನ್ನುವ ಹಾಗೆ ಆಡುತ್ತಿದ್ದರು.

1982ರಲ್ಲಿ ಬಾರ್ಸಿಲೋನಾದಲ್ಲಿ ಬೆಲ್ಜಿಯಂನ ವಾಂಡೆನ್‌ಬರ್ಗ್ ಕೊನೆಗೂ ಗೋಲು ಹೊಡೆದ. ಬಿದ್ದದ್ದು ಚಾಂಪಿಯನ್ ಅರ್ಜೆಂಟೀನಾ. ಅದು ಮರಡೋನಾನ ಮೊದಲ ವಿಶ್ವಕಪ್ ಪಂದ್ಯ ಕೂಡ.

ಆದರೆ ಜನ ಇವತ್ತಿಗೂ ಬಾಯಿ ಚಪ್ಪರಿಸಿ ಹೇಳುವುದು 1990ರ ಮಿಲಾನ್ ಕಥೆಯನ್ನು. ಮತ್ತೆ ಅರ್ಜೆಂಟೀನಾ, ಮತ್ತೆ ಮರಡೋನಾ. ಎದುರಿಗೆ ಕ್ಯಾಮರೂನ್. ಕ್ಯಾಮರೂನ್‌ನ ಒಬ್ಬ ಆಟಗಾರ ರೆಡ್ ಕಾರ್ಡ್ ತಿಂದು ಹೊರಗೆ ಹೋದ. ಅದಾದ ಆರೇ ನಿಮಿಷಕ್ಕೆ ಒಮಾಮ್ ಬಿಯಿಕ್ ಎಗರಿ ತಲೆಯಿಂದ ಚೆಂಡು ತಳ್ಳಿದ. ಗೋಲ್‌ಕೀಪರ್ ಪುಂಪಿಡೊ ಕೈಗೆ ಬಂದ ಚೆಂಡು ಜಾರಿ ಒಳಗೆ ಹೋಯಿತು. ಕೊನೆಗೆ ಇನ್ನೊಬ್ಬನಿಗೂ ರೆಡ್ ಕಾರ್ಡ್. ಒಂಬತ್ತೇ ಜನ ಉಳಿದರೂ ಕ್ಯಾಮರೂನ್ 1-0ರಿಂದ ಗೆದ್ದಿತು.

2002ರಲ್ಲಿ ಸಿಯೋಲ್‌ನ ಪಂದ್ಯ ನಮಗೆ ಸಂಜೆ ಐದಕ್ಕೆ ಶುರು. ಚಾಂಪಿಯನ್ ಫ್ರಾನ್ಸ್‌ನ ತಾರೆ ಜಿದಾನ್ ಗಾಯಗೊಂಡು ಹೊರಗೆ ಕೂತಿದ್ದ. ಆದರೂ ಫ್ರಾನ್ಸ್ ಸೋಲುತ್ತದೆ ಅಂದವರು ಎಷ್ಟು ಜನ? ಎದುರಿಗಿದ್ದದ್ದು ಫ್ರಾನ್ಸ್ ಒಂದು ಕಾಲಕ್ಕೆ ಆಳಿದ್ದ ಸೆನೆಗಲ್. ಅದರ ಆಟಗಾರರಲ್ಲಿ ಜಾಸ್ತಿ ಜನ ಫ್ರೆಂಚ್ ಕ್ಲಬ್‌ಗಳಲ್ಲೇ ಆಡುತ್ತಿದ್ದವರು. ಪಾಪಾ ಬೂಬಾ ಡಿಯೋಪ್‌ನ ಒಂದೇ ಗೋಲು ಸಾಕಾಯಿತು. ಫ್ರಾನ್ಸ್ ಆ ಟೂರ್ನಿಯಲ್ಲಿ ಒಂದು ಗೋಲೂ ಹೊಡೆಯದೆ ಮನೆಗೆ ಹೋಯಿತು.

ಲೆಕ್ಕ ಹಾಕಿ ನೋಡಿ: 1974ರಿಂದ 2002ರವರೆಗೆ ಚಾಂಪಿಯನ್ನರು ಆಡಿದ ಎಂಟು ಮೊದಲ ಪಂದ್ಯಗಳಲ್ಲಿ ಗೆಲುವು ಎರಡೇ. ಅದರಲ್ಲೂ 1998ರಲ್ಲಿ ಬ್ರೆಜಿಲ್ ಗೆದ್ದದ್ದು ಸ್ಕಾಟ್ಲೆಂಡ್‌ನವರೇ ಕೊಟ್ಟ ಸ್ವಂತ ಗೋಲಿನಿಂದ.

2006ಕ್ಕೆ ನಿಯಮ ಬದಲಾಯಿತು. ಚಾಂಪಿಯನ್ನರಿಗೆ ಇದ್ದ ನೇರ ಪ್ರವೇಶ ಹೋಯಿತು, ಬ್ರೆಜಿಲ್ ಕೂಡ ಅರ್ಹತಾ ಪಂದ್ಯ ಆಡಿ ಬರಬೇಕಾಯಿತು. ಮೊದಲ ಪಂದ್ಯ ಆತಿಥೇಯರ ಪಾಲಾಯಿತು. ಮ್ಯೂನಿಕ್‌ನಲ್ಲಿ ಜರ್ಮನಿ ಕೋಸ್ಟರಿಕವನ್ನು 4-2ರಿಂದ ಸೋಲಿಸಿತು. 2018ರಲ್ಲಿ ರಷ್ಯಾ ಸೌದಿ ಅರೇಬಿಯಾಕ್ಕೆ ಐದು ಗೋಲು ಬಾರಿಸಿತು. ಗೋಲಿಗೇನೂ ಬರ ಇಲ್ಲ, ಒಪ್ಪಿಕೊಳ್ಳೋಣ. ಆದರೆ ದೊಡ್ಡವರು ಬೀಳುವುದನ್ನು ಕಾಯುವ ಆ ಮಜಾ ಎಲ್ಲಿ?

2022ರಲ್ಲಿ ಮೊದಲ ವೇಳಾಪಟ್ಟಿಯ ಪ್ರಕಾರ ಸೆನೆಗಲ್–ನೆದರ್ಲೆಂಡ್ಸ್ ಪಂದ್ಯ ಮೊದಲು ಇತ್ತು. ಕತಾರ್‌ನ ಪಂದ್ಯವೇ ಮೊದಲು ಆಗಲಿ ಅಂತ ಇಡೀ ಟೂರ್ನಿಯನ್ನೇ ಒಂದು ದಿನ ಹಿಂದಕ್ಕೆ, ನವೆಂಬರ್ 20ಕ್ಕೆ ತಂದರು. ಎಕ್ವಡಾರ್‌ನ ಎನ್ನರ್ ವೆಲೆನ್ಸಿಯಾ ಅರ್ಧ ಆಟದೊಳಗೇ ಎರಡು ಗೋಲು ಹಾಕಿದ. ವಿಶ್ವಕಪ್ ಇತಿಹಾಸದಲ್ಲಿ ತನ್ನ ಮೊದಲ ಪಂದ್ಯ ಸೋತ ಮೊದಲ ಆತಿಥೇಯ ತಂಡ ಕತಾರ್. ವಿರಾಮ ಮುಗಿಸಿ ಆಟಗಾರರು ಮೈದಾನಕ್ಕೆ ಬರುವ ಹೊತ್ತಿಗೆ ಗ್ಯಾಲರಿಯಲ್ಲಿ ಎಷ್ಟೋ ಸೀಟು ಖಾಲಿ.