ಆಂಪ್ಲಿಫೈಯರ್ ಸಾಲಿನಲ್ಲಿ ಲೆವೆಲ್ ಎಷ್ಟಿಡಬೇಕು: ನಾಯ್ಸ್ ಮತ್ತು ಡಿಸ್ಟಾರ್ಷನ್ ಲೆಕ್ಕ

ಕೇಬಲ್ ಟಿವಿ ಲೈನಿನ ಕೊನೆಯ ಮನೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ ಎಂದು ದೂರು ಬಂದರೆ ಕೈ ನೇರ ಆಂಪ್ಲಿಫೈಯರಿನ ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಸ್ಕ್ರೂಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಲೆವೆಲ್, ಅಂದರೆ ಸಿಗ್ನಲ್ ಬಲ, ಕಮ್ಮಿಯಾದರೂ ನಾಯ್ಸಿನಿಂದ ಚಿತ್ರ ಒಡೆಯುತ್ತದೆ, ಹೆಚ್ಚಾದರೂ ಡಿಸ್ಟಾರ್ಷನ್‌ನಿಂದ ಒಡೆಯುತ್ತದೆ. ಪರದೆ ನೋಡಿ ಯಾವುದೆಂದು ಹೇಳಲಾಗದು.

ಮೊದಲು ನಾಯ್ಸ್. 75 ಓಮ್ ಲೈನಿನಲ್ಲಿ 5 ಮೆಗಾಹರ್ಟ್ಸ್ ಅಗಲಕ್ಕೆ ಉಷ್ಣದ ನಾಯ್ಸ್ ಸುಮಾರು 2 ಡಿಬಿ-ಮೈಕ್ರೋವೋಲ್ಟ್ (1 ಮೈಕ್ರೋವೋಲ್ಟಿಗೆ ಹೋಲಿಸಿದ ಡಿಬಿ; ಮುಂದಿನ ಲೆವೆಲ್‌ಗಳೆಲ್ಲ ಇದರಲ್ಲೇ). ಇನ್‌ಪುಟ್ ಲೆವೆಲ್‌ನಿಂದ ಇದನ್ನೂ ನಾಯ್ಸ್ ಫಿಗರನ್ನೂ (ಆಂಪ್ಲಿಫೈಯರ್ ತಾನೇ ಸೇರಿಸುವ ನಾಯ್ಸಿನ ಅಳತೆ) ಕಳೆದರೆ ಒಂದು ಆಂಪ್ಲಿಫೈಯರಿನ ಸಿಎನ್‌ಆರ್, ಅಂದರೆ ಸಿಗ್ನಲ್ ನಾಯ್ಸಿಗಿಂತ ಎಷ್ಟು ಡಿಬಿ ಮೇಲಿದೆ ಎಂಬುದು, ಸಿಗುತ್ತದೆ. ಒಂದೇ ಬಗೆಯ ಆಂಪ್ಲಿಫೈಯರುಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಅದು 3 ಡಿಬಿ ಕುಸಿಯುತ್ತದೆ.

ಟ್ರಿಪಲ್ ಬೀಟ್, ಅಂದರೆ ಸಿಟಿಬಿ, ಇದಕ್ಕಿಂತ ಕಠಿಣ. ಮೂರು ಕ್ಯಾರಿಯರ್‌ಗಳು (ಚಾನೆಲ್ ಹೊತ್ತ ಅಲೆಗಳು) ಆಂಪ್ಲಿಫೈಯರಿನೊಳಗೆ ಬೆರೆತು ನಾಲ್ಕನೆಯ ಚಾನೆಲ್ ಮೇಲೆ ಬೀಳುತ್ತವೆ; ಆ ಬೀಟ್ ಸಿಗ್ನಲ್‌ಗಿಂತ ಎಷ್ಟು ಡಿಬಿ ಕೆಳಗಿದೆ ಎಂಬುದೇ ಸಿಟಿಬಿಯ ಅಂಕಿ. ಪ್ರತಿ ಹಂತದ ಬೀಟ್ ವೋಲ್ಟೇಜ್ ಹಿಂದಿನದಕ್ಕೆ ನೇರ ಕೂಡಿಕೊಳ್ಳುವುದರಿಂದ ಸಂಖ್ಯೆ ದುಪ್ಪಟ್ಟಾದರೆ 6 ಡಿಬಿ ನಷ್ಟ. ಆದರೆ ಔಟ್‌ಪುಟ್ 1 ಡಿಬಿ ಇಳಿಸಿದರೆ ಸಿಟಿಬಿ 2 ಡಿಬಿ ಸುಧಾರಿಸುತ್ತದೆ. ನಮ್ಮ ಕೈಯಲ್ಲಿರುವ ಉಪಾಯ ಇದೇ.

ಒಂದು ಲೆಕ್ಕ ಮಾಡೋಣ. ಔಟ್‌ಪುಟ್ 108 ಇದ್ದಾಗ ಸಿಟಿಬಿ 60 ಡಿಬಿ, ಗೇನ್ 30, ನಾಯ್ಸ್ ಫಿಗರ್ 8 ಎಂದುಕೊಳ್ಳಿ. ಅಂಥ 8 ಆಂಪ್ಲಿಫೈಯರ್‌ಗಳ ಸಾಲಿನಲ್ಲಿ ಸಿಎನ್‌ಆರ್ 59, ಸಿಟಿಬಿ ಬರೀ 42. ಎಲ್ಲ ಔಟ್‌ಪುಟ್ 9 ಡಿಬಿ ಇಳಿಸಿ 99ಕ್ಕೆ ತಂದರೆ ಸಿಟಿಬಿ ಮತ್ತೆ 60, ಸಿಎನ್‌ಆರ್ 50. ಕಳೆದುಕೊಂಡದ್ದು 9, ಗಳಿಸಿದ್ದು 18.

ಡಿಜಿಟಲ್ ಚಾನೆಲ್‌ಗಳ ಬೀಟ್‌ಗಳು ನಾಯ್ಸ್‌ನಂತೆಯೇ ಹರಡಿಕೊಳ್ಳುವುದರಿಂದ ಮೀಟರಿನಲ್ಲಿ ಎಂಇಆರ್ (ಡಿಜಿಟಲ್ ಸಿಗ್ನಲ್ ಎಷ್ಟು ಶುದ್ಧ ಎಂಬ ಅಳತೆ) ಬಿದ್ದದ್ದಷ್ಟೇ ಕಾಣುತ್ತದೆ. ಕಾರಣ ಬೇರ್ಪಡಿಸಲು ಮೊದಲ ಆಂಪ್ಲಿಫೈಯರಿನ ಇನ್‌ಪುಟ್‌ಗೆ 2 ಡಿಬಿ ಪ್ಯಾಡ್ (ಸಿಗ್ನಲ್ ಅಷ್ಟು ತಗ್ಗಿಸುವ ತುಣುಕು) ಹಾಕಿ, ಸಾಲಿನ ತುದಿಯಲ್ಲಿ ಎಂಇಆರ್ ಓದಿ. ಇಳಿದರೆ ನಾಯ್ಸ್. ಏರಿದರೆ ಡಿಸ್ಟಾರ್ಷನ್, ಲೆವೆಲ್ ಇಳಿಸಲೇಬೇಕು. ಅಲುಗಾಡದಿದ್ದರೆ ತೊಂದರೆ ಮೊದಲ ಆಂಪ್ಲಿಫೈಯರಿಗೂ ಹಿಂದೆ, ಫೈಬರ್ ನೋಡ್ (ಫೈಬರಿನ ಬೆಳಕನ್ನು ಕೇಬಲ್ ಸಿಗ್ನಲ್ ಮಾಡುವ ಪೆಟ್ಟಿಗೆ) ಕಡೆ ಇರುವ ಸಂಭವವೇ ಹೆಚ್ಚು.

ಪ್ರತಿ ಆಂಪ್ಲಿಫೈಯರಿನ ಗೇನ್ ತನ್ನ ಹಿಂದಿನ ಕೇಬಲ್ ಮತ್ತು ಟ್ಯಾಪ್‌ಗಳ (ಮನೆಗಳಿಗೆ ಸಿಗ್ನಲ್ ಕವಲು ಕೊಡುವ ಡಬ್ಬಿ) ನಷ್ಟಕ್ಕೆ ಸಮನಾಗಿರಲಿ. ಫ್ರೀಕ್ವೆನ್ಸಿ ನಾಲ್ಕು ಪಟ್ಟಾದರೆ ಕೇಬಲ್ ನಷ್ಟ ಸುಮಾರು ಎರಡು ಪಟ್ಟು: 800 ಮೆಗಾಹರ್ಟ್ಸ್‌ನಲ್ಲಿ 20 ಡಿಬಿ ತಿನ್ನುವ ಕೇಬಲ್ 200ರಲ್ಲಿ 10 ತಿನ್ನುತ್ತದೆ. ಈ ಓರೆಯನ್ನು ಈಕ್ವಲೈಸರ್ ಸರಿಮಾಡಬೇಕು. ಒಂದೊಂದು ಹಂತದಲ್ಲಿ 1 ಡಿಬಿ ತಪ್ಪು ಉಳಿದರೆ ಎಂಟನೆಯದರಲ್ಲಿ ಅದು 8 ಆಗಿರುತ್ತದೆ.

ಬಿಸಿಲನ್ನು ಮರೆಯಬೇಡಿ. ಕೇಬಲ್ ನಷ್ಟ ಡಿಗ್ರಿಗೆ ಸುಮಾರು 0.2 ಶೇಕಡಾ ಏರುತ್ತದೆ. ಹಂತಕ್ಕೆ 20 ಡಿಬಿಯಂತೆ 8 ಹಂತ, 20 ಡಿಗ್ರಿ ವ್ಯತ್ಯಾಸ: ಒಟ್ಟು 6.4 ಡಿಬಿ ಏರುಪೇರು. ಕಲಬುರಗಿಯ ಮೇ ಮಧ್ಯಾಹ್ನ ಹೊಂದಿಸಿದ ಲೈನು ಜನವರಿಯ ನಸುಕಿನಲ್ಲಿ ಡಿಸ್ಟಾರ್ಷನ್ ಕಡೆ ಜಾರುವುದು ಇದರಿಂದಲೇ. ಉದ್ದದ ಸಾಲಿಗೆ ನಡುನಡುವೆ ಎಜಿಸಿ (ಗೇನನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಇರುವ ಆಂಪ್ಲಿಫೈಯರ್ ಬೇಕೇ ಬೇಕು.

ತುಕ್ಕು ಹಿಡಿದ ಕನೆಕ್ಟರ್ ಡಯೋಡಿನಂತೆ ವರ್ತಿಸಿ ತಾನೇ ಬೀಟ್ ಹುಟ್ಟಿಸಬಲ್ಲದು. ಅದು ಲೆವೆಲ್ ಹೊಂದಿಸುವುದರಿಂದ ಹೋಗುವುದಿಲ್ಲ, ಬದಲಾಯಿಸಿ. ಅಳೆಯುವಾಗ ಟೆಸ್ಟ್ ಪಾಯಿಂಟ್ (ಮೀಟರ್ ಸಿಕ್ಕಿಸುವ ಜಾಗ) ನಿಜವಾದ ಔಟ್‌ಪುಟ್‌ಗಿಂತ 20 ಡಿಬಿ ಕಮ್ಮಿ ತೋರಿಸುವಂಥದೇ ಎಂದು ಮೊದಲು ನೋಡಿಕೊಳ್ಳಿ. ಹಾಗಿದ್ದರೆ ಮೀಟರಿನಲ್ಲಿ 79 ಬಂದಾಗ ಔಟ್‌ಪುಟ್ 99 ಆಗಿದೆ, ಮತ್ತೆ ಏರಿಸಬೇಡಿ.